ಲಡ್ಲೋ: ಗಡಿನಾಡಿನ ಒಂದು ಪೇಟೆಯ ಹಳೆಯ ಮನೆ ಅಂಗಡಿಗಳು

ಊರಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅರಸುಮನೆತನಗಳನ್ನು ಹುಡುಕುತ್ತಾರೆ, ತರುವಾಯ ಯುದ್ಧಗಳನ್ನು, ಆಮೇಲೆ ಗುಡಿಗೋಪುರಗಳನ್ನು. ಪೇಟೆಬೀದಿಯ ಅಂಗಡಿಸಾಲು ಅವರ ಕಣ್ಣಿಗೆ ಬೀಳುವುದು ಅಪರೂಪ. ಉಪ್ಪು, ಬಟ್ಟೆ, ಬೆಣ್ಣೆ ಮಾರಿದ ಜಾಗದಲ್ಲಿ ಚರಿತ್ರೆಯೇನಿದ್ದೀತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಿಚಾರಮಾಡಿ ನೋಡಿದರೆ ಸಂಗತಿ ಬೇರೆಯೇ ಇದೆ. ಅರಸು ಬಂದು ಹೋಗುವವನು. ಕಚೇರಿಯನ್ನು ಒಂದು ಆಜ್ಞೆಯಿಂದ ಇನ್ನೊಂದು ಊರಿಗೆ ವರ್ಗಾಯಿಸಬಹುದು. ಬೀದಿಯ ಬದಿಯ ಅಂಗಡಿ ಮಾತ್ರ ವ್ಯಾಪಾರ ಬದಲಾದರೂ, ಒಡೆಯ ಬದಲಾದರೂ, ಮುಖವೇ ಬದಲಾದರೂ ತನ್ನ ಅಡಿಪಾಯವನ್ನು ಸುಲಭವಾಗಿ ಬಿಡುವುದಿಲ್ಲ. ಈ ಮಾತಿಗೆ ನಿದರ್ಶನವಾಗಿ ಇಂಗ್ಲೆಂಡಿನ ಲಡ್ಲೋ ಎಂಬ ಸಣ್ಣ ಊರನ್ನು ಇಲ್ಲಿ ಪರಿಶೀಲಿಸೋಣ.

ಲಡ್ಲೋ ಇರುವುದು ಇಂಗ್ಲೆಂಡಿನ ಪಶ್ಚಿಮ ಭಾಗದ ಷ್ರಾಪ್‌ಷೈರ್ ಪ್ರಾಂತದಲ್ಲಿ, ಟೀಮ್ ನದಿಯ ದಂಡೆಯ ಒಂದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಕೆಲವೇ ಮೈಲಿ ನಡೆದರೆ ವೇಲ್ಸ್ ದೇಶದ ಗಡಿ. ಊರಿನ ಜನಸಂಖ್ಯೆ ಸುಮಾರು ಹತ್ತು ಸಾವಿರ. ಇಷ್ಟು ಚಿಕ್ಕ ಊರಿನಲ್ಲಿ ಸರಕಾರದ ರಕ್ಷಣೆಯ ಪಟ್ಟಿಗೆ ಸೇರಿದ ಹಳೆಯ ಕಟ್ಟಡಗಳು ಸುಮಾರು ೫೦೦ ಇವೆ. ಲಂಡನ್ನಿನಂತಹ ಮಹಾನಗರವನ್ನು ಬಿಟ್ಟು ಈ ಊರನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿಲ್ಲದಿಲ್ಲ. ಇದು ಗಡಿಯ ಊರು. ಗಡಿಯಿಂದ ಹುಟ್ಟಿ, ಗಡಿಯಿಂದ ಬೆಳೆದು, ಗಡಿಯ ಮಹತ್ವ ಅಳಿದಾಗ ಬಡವಾಗಿ, ಆದರೂ ಉಳಿದ ಊರು. ಅದು ಹೇಗೆ ಉಳಿಯಿತು ಎಂಬ ಪ್ರಶ್ನೆ ಗಡಿನಾಡಿನ ಅಧ್ಯಾಪಕರಾದ ನಮಗೆ ಕೇವಲ ಕುತೂಹಲದ ಪ್ರಶ್ನೆಯಲ್ಲ.

ಕೋಟೆಯೂ ಪೇಟೆಯೂ

೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ವೇಲ್ಸಿನ ಕಡೆಯಿಂದ ಬರುವ ದಾಳಿಗಳನ್ನು ತಡೆಯಲು ಗಡಿಯುದ್ದಕ್ಕೂ ಕೋಟೆಗಳು ಎದ್ದವು. ಲಡ್ಲೋ ಕೋಟೆಯನ್ನು ೧೧ನೆಯ ಶತಮಾನದ ಕೊನೆಯಲ್ಲಿ ಕಟ್ಟಲು ತೊಡಗಿದವರು ಡಿ ಲೇಸಿ ಎಂಬ ಮನೆತನದವರು. ಕೋಟೆಗೆ ಬೇಕಾದ ಕಲ್ಲನ್ನು ದೂರದಿಂದ ತರಲಿಲ್ಲ. ಕಂದಕ ತೋಡುವಾಗ ಸಿಕ್ಕ ಕಲ್ಲೇ ಗೋಡೆಗೆ ಏರಿತು. ಹೀಗೆ ಒಂದೇ ಕೆಲಸದಿಂದ ಕಂದಕವೂ ಆಯಿತು, ಗೋಡೆಯೂ ಆಯಿತು. ಈ ಕಲ್ಲಿನ ಜಾತಿ ಮುಂದೆ ಭೂವಿಜ್ಞಾನಿಗಳಲ್ಲಿ ಹೆಸರಾಯಿತು. ೧೮೩೦ರ ದಶಕದಲ್ಲಿ ಮರ್ಚಿಸನ್ ಎಂಬ ಪಂಡಿತನು ಇಲ್ಲಿಯ ಶಿಲಾಸ್ತರಗಳನ್ನು ಅಭ್ಯಾಸ ಮಾಡಿದನು; ಭೂಮಿಯ ವಯಸ್ಸನ್ನು ವಿಂಗಡಿಸುವ ಪಟ್ಟಿಯಲ್ಲಿ ಇಂದಿಗೂ 'ಲಡ್ಲೋ' ಎಂಬುದು ಒಂದು ಕಾಲಖಂಡದ ಹೆಸರಾಗಿ ನಿಂತಿದೆ.

ಕೋಟೆಯೊಳಗಿನ ದಂಡಿಗೆ ಧಾನ್ಯ ಬೇಕು, ಚರ್ಮ ಬೇಕು, ಬಟ್ಟೆ ಬೇಕು, ಲಾಳ ಹೊಡೆಯುವ ಕಮ್ಮಾರ ಬೇಕು. ಕೋಟೆಯ ಹೆಬ್ಬಾಗಿಲಿನ ಮುಂದೆ ೧೨ನೆಯ ಶತಮಾನದಲ್ಲಿ ಪೇಟೆಯೊಂದು ಬೆಳೆದುದು ಹೀಗೆ. ಅದು ತಾನಾಗಿ ಅಡ್ಡಾದಿಡ್ಡಿ ಬೆಳೆದ ಊರಲ್ಲ. ಹಗ್ಗ ಹಿಡಿದು ಅಳೆದು ಹಾಕಿದ ಊರು. ಕೋಟೆಯಿಂದ ಪೂರ್ವಕ್ಕೆ ದಿಣ್ಣೆಯ ಬೆನ್ನಿನ ಮೇಲೆ ಅಗಲವಾದ ಒಂದು ಹೆದ್ದಾರಿ. ಅದೇ ಸಂತೆಯ ಜಾಗ. ಅದರಿಂದ ದಕ್ಷಿಣಕ್ಕೆ ನದಿಯ ಕಡೆ ಇಳಿಯುವ ಮಿಲ್ ಸ್ಟ್ರೀಟ್, ಬ್ರಾಡ್ ಸ್ಟ್ರೀಟ್, ಓಲ್ಡ್ ಸ್ಟ್ರೀಟ್ ಎಂಬ ಬೀದಿಗಳು. ಒಂದು ಗಿರಣಿಯ ಬೀದಿ, ಒಂದು ಅಗಲದ ಬೀದಿ, ಒಂದು ಹಳೆಯ ಬೀದಿ. ಹೆಸರುಗಳಲ್ಲಿ ಅಲಂಕಾರವೇನೂ ಇಲ್ಲ. ಉತ್ತರಕ್ಕೆ ಕೋರ್ವ್ ಎಂಬ ಕಿರುನದಿಯ ಕಡೆ ಇಳಿಯುವುದು ಕೋರ್ವ್ ಸ್ಟ್ರೀಟ್. ಕಾನ್‌ಜೆನ್ ಎಂಬ ಜರ್ಮನ್ ಮೂಲದ ಭೂಗೋಳಶಾಸ್ತ್ರಜ್ಞನು ಊರಿನ ನಕ್ಷೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿ, ಇದೆಲ್ಲ ಒಂದೇ ದಿನದ ಯೋಜನೆಯಲ್ಲ, ಒಂದಾದಮೇಲೊಂದು ಸೇರಿದ ಹಲವು ತುಂಡುಗಳು ಎಂದು ತೋರಿಸಿಕೊಟ್ಟನು.

ಬೀದಿಯ ಎರಡು ಕಡೆಯೂ ನಿವೇಶನಗಳನ್ನು ಹಂಚಿದರು. ಅವುಗಳಿಗೆ 'ಬರ್ಗೇಜ್' ಎಂದು ಹೆಸರು. ಮುಂಭಾಗ ಕಿರಿದು, ಹಿಂದಕ್ಕೆ ಬಹು ಉದ್ದ. ಬೀದಿಗೆ ಮುಖಮಾಡಿ ವ್ಯಾಪಾರ ಮಾಡುವ ಆಸೆ ಎಲ್ಲರಿಗೂ ಉಂಟಷ್ಟೆ. ಆದುದರಿಂದ ಬೀದಿಯ ಅಂಚಿನ ನೆಲವನ್ನು ಜಿಪುಣತನದಿಂದಲೂ ಹಿತ್ತಲನ್ನು ಧಾರಾಳವಾಗಿಯೂ ಕೊಟ್ಟರು. ಇದನ್ನು ಹಿಡಿದವನು ಒಡೆಯನಿಗೆ ವರ್ಷಕ್ಕೆ ನಿಗದಿಯಾದ ಹಣ ಕೊಟ್ಟರೆ ಸಾಕು; ಬಿಟ್ಟಿಬೇಗಾರಿ ಮಾಡಬೇಕಾದುದಿಲ್ಲ, ಆಸ್ತಿಯನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಎಂಟುನೂರು ವರ್ಷಗಳ ಹಿಂದೆ ಎಳೆದ ಈ ಗೆರೆಗಳಲ್ಲಿ ಅನೇಕವು ಲಡ್ಲೋದ ಹಿತ್ತಲುಗೋಡೆಗಳಲ್ಲಿ ಇಂದಿಗೂ ಗುರುತಿಸುವಂತಿವೆ. ಮನೆ ಬಿದ್ದು ಮತ್ತೆ ಕಟ್ಟಿದರೂ ಗೆರೆ ಬದಲಾಗಲಿಲ್ಲ. ಕಟ್ಟಡಕ್ಕಿಂತ ನಿವೇಶನಕ್ಕೆ ಆಯುಸ್ಸು ಹೆಚ್ಚು ಎಂಬುದು ಇಲ್ಲಿ ನಾವು ಕಲಿಯುವ ಮೊದಲನೆಯ ಪಾಠ.

೧೨೩೩ರಲ್ಲಿ ಊರಿನ ಸುತ್ತ ಗೋಡೆ ಕಟ್ಟಲು ಸುಂಕ ಎತ್ತುವ ಅಪ್ಪಣೆ ದೊರೆಯಿತು. ಗೋಡೆಗೆ ಏಳು ಬಾಗಿಲುಗಳು. ಅವುಗಳಲ್ಲಿ ಬ್ರಾಡ್ ಸ್ಟ್ರೀಟಿನ ಕೆಳತುದಿಯ ಬಾಗಿಲು ಇಂದಿಗೂ ನಿಂತಿದೆ. ಶತ್ರುಗಳ ಭಯ ಕಳೆದ ಮೇಲೆ ಜನ ಅದನ್ನು ಕೆಡವಲಿಲ್ಲ. ಅದರ ಮೇಲೆಯೇ ಸಂಸಾರಯೋಗ್ಯವಾದ ಮನೆ ಕಟ್ಟಿಕೊಂಡರು. ಕೆಳಗೆ ಬಂಡಿ ಹಾಯುವ ಕಮಾನು, ಮೇಲೆ ೧೮ನೆಯ ಶತಮಾನದ ಕಿಟಕಿಗಳು.

ಸಂತೆಯ ಬಯಲು ಅಂಗಡಿಬೀದಿಯಾದುದು

ಲಡ್ಲೋಗೆ ಹೋದವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರುತ್ತದೆ. ಊರಿನ ಬೀದಿಗಳೆಲ್ಲ ಅಗಲವಾಗಿ ನೆಟ್ಟಗಿರುವಾಗ ಪೇಟೆಯ ನಡುವೆ ಮಾತ್ರ ಇಬ್ಬರು ಎದುರುಬದುರು ಬಂದರೆ ಮೈ ತಾಗುವಂತಹ ಓಣಿಗಳಿವೆ. ಅಲ್ಲಿ ಒಂದು ಓಣಿಯ ಹೆಸರು ಫಿಷ್ ಸ್ಟ್ರೀಟ್, ಇನ್ನೊಂದರದು ಪೆಪ್ಪರ್ ಲೇನ್. ಮೀನಿನ ಬೀದಿ, ಮೆಣಸಿನ ಓಣಿ ಎಂದರೆ ನಮ್ಮ ಯಾವ ಪೇಟೆಯವರಿಗೂ ಅರ್ಥವಾಗುವ ಹೆಸರುಗಳೇ.

ಕಾರಣ ಇದು. ಆ ಜಾಗವೆಲ್ಲ ಮೊದಲು ಬಯಲು ಸಂತೆ. ವ್ಯಾಪಾರಿ ವಾರಕ್ಕೊಮ್ಮೆ ಬಂದು ಹಲಗೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಸಂಜೆಗೆ ಬಿಚ್ಚಿಕೊಂಡು ಹೋಗುತ್ತಿದ್ದನು. ಕೆಲವು ಕಾಲದ ಮೇಲೆ ಕಂಬಗಳನ್ನು ಕೀಳುವುದು ಬಿಟ್ಟನು. ಆಮೇಲೆ ಬಟ್ಟೆಯ ಬದಲು ಮರದ ಮಾಡು ಬಂದಿತು. ಮಾಡಿನ ಕೆಳಗೆ ಗೋಡೆ ಬಂದಿತು. ಕೊನೆಗೆ ಮೇಲೊಂದು ಮಹಡಿ ಬಂದು ಹೆಂಡತಿಮಕ್ಕಳೂ ಬಂದು ನೆಲಸಿದರು. ಒಡೆಯನಿಗೆ ಇದರಿಂದ ಬಾಡಿಗೆ ಬರುತ್ತಿದ್ದುದರಿಂದ ಅವನು ತಡೆಯಲಿಲ್ಲ. ಹೀಗೆ ಒಂದೊಂದು ಮೊಳವಾಗಿ ಬಯಲು ತುಂಬಿತು. ಮಳಿಗೆಗಳ ನಡುವೆ ಜನ ಓಡಾಡಲು ಬಿಟ್ಟ ಸಂದುಗಳೇ ಇಂದಿನ ಓಣಿಗಳು. ಈ ನಡುಗಡ್ಡೆಯ ಮನೆಗಳಿಗೆ ಹಿತ್ತಲಿಲ್ಲ. ಬೀದಿಬದಿಯ ಮನೆಗಳಿಗೆ ಹಿತ್ತಲುಂಟು. ಕಟ್ಟಡ ನಿಂತಿರುವುದು ಮೂಲ ನಿವೇಶನದ ಮೇಲೋ ಒತ್ತುವರಿಯ ನೆಲದ ಮೇಲೋ ಎಂಬುದನ್ನು ನಿರ್ಧರಿಸಲು ಇಷ್ಟು ನೋಡಿದರೆ ಸಾಕು.

ಆ ಕಾಲದ ಅಂಗಡಿಯ ಸ್ವರೂಪವನ್ನೂ ಸ್ವಲ್ಪ ತಿಳಿಯತಕ್ಕದ್ದು. ಬೀದಿಗೆ ತೆರೆದ ಒಂದು ಸಣ್ಣ ಕೋಣೆ. ಕಿಟಕಿಗೆ ಗಾಜಿಲ್ಲ, ಅಡ್ಡಲಾಗಿ ತೆರೆಯುವ ಮರದ ಹಲಗೆಗಳು. ಮೇಲಿನ ಹಲಗೆಯನ್ನು ಎತ್ತಿ ಕಟ್ಟಿದರೆ ಬಿಸಿಲು ಮಳೆಗೆ ಮರೆ. ಕೆಳಗಿನದನ್ನು ಇಳಿಸಿದರೆ ಸರಕು ಹರಡುವ ಕಟ್ಟೆ. ಗಿರಾಕಿ ಬೀದಿಯಲ್ಲೇ ನಿಂತು ಕೊಳ್ಳುತ್ತಿದ್ದನು. ಹಿಂದೆ ಕೆಲಸದ ಕೋಣೆ. ಚಮ್ಮಾರನೂ ದರ್ಜಿಯೂ ಅಲ್ಲಿಯೇ ಮಾಡಿ ಇಲ್ಲಿಯೇ ಮಾರುತ್ತಿದ್ದರು. ಮೇಲೆ ವಾಸ. ಹಲಗೆಬಾಗಿಲಿನ ಅಂಗಡಿಯ ಜಗಲಿಯನ್ನು ಕಂಡ ನಮ್ಮವರಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಟ್ಟುವ ಕ್ರಮವೂ ಗಮನಾರ್ಹವಾದುದು. ಹಸಿಯಾದ ಓಕ್ ಮರವನ್ನು ಕೊಯ್ದು, ಕಂಬತೊಲೆಗಳಿಗೆ ಕಚ್ಚು ಹಾಕಿ, ಮರದ ಗೂಟ ಬಡಿದು ಚೌಕಟ್ಟನ್ನು ನಿಲ್ಲಿಸುತ್ತಿದ್ದರು. ಬಡಗಿ ಚೌಕಟ್ಟನ್ನು ತನ್ನ ಅಂಗಳದಲ್ಲಿ ಮೊದಲು ಜೋಡಿಸಿ, ಪ್ರತಿ ತುಂಡಿಗೂ ಗುರುತಿನ ಅಂಕಿ ಕೆತ್ತಿ, ಬಿಚ್ಚಿ, ನಿವೇಶನಕ್ಕೆ ತಂದು ಮತ್ತೆ ಕೂಡಿಸುವುದು ವಾಡಿಕೆ. ಚೌಕಟ್ಟಿನ ನಡುವೆ ತಡಿಕೆ ನೆಯ್ದು ಮಣ್ಣು ಮೆತ್ತುತ್ತಿದ್ದರು. ಮಹಡಿಯನ್ನು ಬೀದಿಯ ಮೇಲಕ್ಕೆ ಒಂದೆರಡು ಅಡಿ ಚಾಚಿಸುತ್ತಿದ್ದರು; ನೆಲದ ಬಾಡಿಗೆ ಹೆಚ್ಚದೆ ಕೋಣೆ ದೊಡ್ಡದಾಗುತ್ತಿತ್ತು. ಕಿಂಗ್ ಸ್ಟ್ರೀಟ್ ಮತ್ತು ಬ್ರಾಡ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ೧೫ನೆಯ ಶತಮಾನದ ಆರಂಭದ ಇಂತಹ ಕಟ್ಟಡವೊಂದಿದೆ. ೧೮೬೦ರಲ್ಲಿ ಆರಂಭವಾದ ಬೊಡೆನ್‌ಹ್ಯಾಮ್ಸ್ ಎಂಬ ಬಟ್ಟೆಯಂಗಡಿಯ ಹೆಸರಿನಿಂದಲೇ ಅದನ್ನು ಜನ ಗುರುತಿಸುತ್ತಾರೆ. ಅಂಗಡಿಯ ವಯಸ್ಸು ಹೆಚ್ಚೆನ್ನುವವರು ಕಟ್ಟಡದ ವಯಸ್ಸನ್ನು ನೋಡಿದರೆ ಬೆರಗಾಗುತ್ತಾರೆ.

ಉಣ್ಣೆಯ ಹಣ, ಯಾತ್ರಿಕರ ಸಂಘ

ಈ ಕಟ್ಟಡಗಳಿಗೆಲ್ಲ ಹಣ ಬಂದುದು ಎಲ್ಲಿಂದ? ಗಡಿಗುಡ್ಡಗಳ ಕುರಿಯ ಉಣ್ಣೆಯಿಂದ. ೧೩ನೆಯ ಶತಮಾನದಲ್ಲಿ ಲಾರೆನ್ಸ್ ಎಂಬ ಲಡ್ಲೋದ ಉಣ್ಣೆವ್ಯಾಪಾರಿ ಅರಸನಿಗೇ ಸಾಲ ಕೊಡುವಷ್ಟು ಶ್ರೀಮಂತನಾಗಿದ್ದನು. ಅವನು ಸಮೀಪದ ಸ್ಟೋಕ್‌ಸೇಯಲ್ಲಿ ಕಟ್ಟಿಸಿದ ಕೋಟೆಮನೆ ಇಂದಿಗೂ ಇದೆ. ಮುಂದೆ ಉಣ್ಣೆಯನ್ನು ಹಾಗೆಯೇ ಮಾರುವ ಬದಲು ಇಲ್ಲಿಯೇ ಬಟ್ಟೆ ನೆಯ್ದು, ಟೀಮ್ ನದಿಯ ನೀರಿನಿಂದ ತಿರುಗುವ ಗಿರಣಿಗಳಲ್ಲಿ ಅದನ್ನು ಕುಟ್ಟಿ ಹದಮಾಡಿ ಕಳುಹಿಸತೊಡಗಿದರು.

ಹಣವಂತರಾದ ವ್ಯಾಪಾರಿಗಳು ಸೇರಿದ ಒಂದು ಧಾರ್ಮಿಕ ಸಂಘಕ್ಕೆ 'ಪಾಮರ್ಸ್ ಗಿಲ್ಡ್' ಎಂದು ಹೆಸರು. ಜೆರೂಸಲೇಮಿನ ಯಾತ್ರೆ ಮುಗಿಸಿ ತಾಳೆಗರಿ ಹಿಡಿದು ಬಂದವನು ಪಾಮರ್. ೧೩ನೆಯ ಶತಮಾನದಲ್ಲಿ ಹುಟ್ಟಿದ ಈ ಸಂಘಕ್ಕೆ ಸದಸ್ಯರು ಇಂಗ್ಲೆಂಡ್ ಮತ್ತು ವೇಲ್ಸಿನ ಊರೂರುಗಳಲ್ಲಿ ಇದ್ದರು. ಸತ್ತವರ ಆತ್ಮಕ್ಕೆ ಪ್ರಾರ್ಥನೆ ಸಲ್ಲಬೇಕೆಂದು ಜನ ಮನೆ, ಅಂಗಡಿ, ನಿವೇಶನಗಳನ್ನು ಸಂಘಕ್ಕೆ ಬಿಟ್ಟುಕೊಟ್ಟರು. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಟ್ಟಂತೆ ಎನ್ನಬಹುದು. ಬಾಡಿಗೆಯ ಹಣದಿಂದ ಸಂಘವು ಪುರೋಹಿತರನ್ನು ಸಾಕಿತು, ಸೇಂಟ್ ಲಾರೆನ್ಸ್ ದೇವಾಲಯದಲ್ಲಿ ಕೆಲಸ ಮಾಡಿಸಿತು, ಮತ್ತು ಅಧ್ಯಾಪಕರಾದ ನಾವು ಮರೆಯದೆ ಹೇಳಬೇಕಾದ ಮಾತು, ಊರಿನ ಮಕ್ಕಳಿಗಾಗಿ ಒಂದು ಶಾಲೆಯನ್ನೂ ನಡೆಯಿಸಿತು.

ಅರಸ ಎಂಟನೆಯ ಹೆನ್ರಿ ಮತ್ತು ಅವನ ಮಗನ ಕಾಲದಲ್ಲಿ ಮಠಗಳೂ ಇಂತಹ ಸಂಘಗಳೂ ರದ್ದಾದವು. ಅನೇಕ ಊರುಗಳಲ್ಲಿ ಅವುಗಳ ಆಸ್ತಿ ಅರಸನ ಬೊಕ್ಕಸಕ್ಕೋ ಕಂಡವರ ಕೈಗೋ ಹೋಯಿತು. ಲಡ್ಲೋದವರು ಮಾತ್ರ ವ್ಯವಹಾರ ಬಲ್ಲವರು. ೧೫೫೧ರಲ್ಲಿ ಸಂಘ ತನ್ನ ಆಸ್ತಿಯನ್ನು ಅರಸನಿಗೆ ಒಪ್ಪಿಸಿತು. ಮರುವರ್ಷ ಅದೇ ಆಸ್ತಿಯನ್ನು ಅರಸನ ಸನ್ನದಿನಿಂದ ಊರಿನ ಪುರಸಭೆ ಪಡೆಯಿತು. ಶಾಲೆಯೂ ಉಳಿಯಿತು, ಅಂಗಡಿಗಳೂ ಚೆದರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಗದಪತ್ರಗಳು ಉಳಿದವು. ಯಾವ ಅಂಗಡಿಯನ್ನು ಯಾರಿಗೆ ಎಷ್ಟು ಬಾಡಿಗೆಗೆ ಕೊಟ್ಟರು, ಅದರ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಮನೆ ಎಂಬ ಚೆಕ್ಕುಬಂದಿ ಸಹಿತವಾದ ಗುತ್ತಿಗೆ ಪತ್ರಗಳು ಷ್ರಾಪ್‌ಷೈರಿನ ದಫ್ತರಖಾನೆಯಲ್ಲಿ ಈಗಲೂ ಇವೆ. ಲಡ್ಲೋದ ಅಂಗಡಿಗಳಿಗೆ ಚರಿತ್ರೆಯುಂಟಾದುದು ಈ ಪತ್ರಗಳಿಂದ. ಇವು ಇಲ್ಲದಿದ್ದರೆ ಅವು ಬರಿಯ ಹಳೆಯ ಮನೆಗಳಾಗಿ ಉಳಿಯುತ್ತಿದ್ದವು.

ಗಡಿಯ ರಾಜಧಾನಿ

೧೪೭೩ರಿಂದ ನಾಲ್ಕನೆಯ ಎಡ್ವರ್ಡ್ ಅರಸನ ಮಗ, ವೇಲ್ಸಿನ ಯುವರಾಜ, ಲಡ್ಲೋ ಕೋಟೆಯಲ್ಲಿ ಬೆಳೆದನು. ಅವನ ಹೆಸರಿನಲ್ಲಿ ಆಡಳಿತ ನಡೆಯಿಸಿದ ಮಂತ್ರಿಗಳ ಕೂಟವೇ ಕ್ರಮೇಣ ವೇಲ್ಸ್ ಮತ್ತು ಗಡಿ ಪ್ರಾಂತಗಳ ಆಡಳಿತ ಸಭೆಯಾಯಿತು. ಸುಮಾರು ಎರಡು ಶತಮಾನಗಳ ಕಾಲ ಈ ಚಿಕ್ಕ ಊರು ವೇಲ್ಸ್ ದೇಶಕ್ಕೆ ರಾಜಧಾನಿಯಂತಿತ್ತು. ೧೫೦೨ರಲ್ಲಿ ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ತೀರಿಕೊಂಡುದು ಈ ಕೋಟೆಯಲ್ಲಿ. ೧೬೩೪ರಲ್ಲಿ ಮಿಲ್ಟನ್ ಕವಿಯ 'ಕೋಮಸ್' ರೂಪಕವನ್ನು ಮೊದಲು ಆಡಿದುದೂ ಇದರ ಸಭಾಂಗಣದಲ್ಲಿಯೇ.

ಆಡಳಿತ ಸಭೆ ನ್ಯಾಯಸ್ಥಾನವೂ ಆಗಿದ್ದುದರಿಂದ ವೇಲ್ಸಿನ ಹಳ್ಳಿಹಳ್ಳಿಗಳಿಂದ ಕಕ್ಷಿಗಾರರು ಬರುತ್ತಿದ್ದರು. ೧೫೩೬ರ ಶಾಸನವು ವೇಲ್ಸನ್ನು ಇಂಗ್ಲೆಂಡಿನ ಆಡಳಿತದಲ್ಲಿ ಕೂಡಿಸಿದಾಗ ನ್ಯಾಯಾಲಯದ ಭಾಷೆ ಇಂಗ್ಲಿಷೇ ಎಂದು ವಿಧಿಸಿತ್ತು. ಮನೆಯಲ್ಲಿ ವೆಲ್ಷ್ ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ. ಗಡಿಯ ಜನದ ಈ ಪಾಡು ನಮ್ಮ ಓದುಗರಿಗೆ ಹೊಸದಲ್ಲ. ಕಕ್ಷಿಗಾರರ ಹಿಂದೆ ವಕೀಲರು, ವಕೀಲರ ಹಿಂದೆ ಗುಮಾಸ್ತರು. ಇವರಿಗೆಲ್ಲ ಊಟ, ವಸತಿ, ಕಾಗದ, ಬಟ್ಟೆ, ಕುದುರೆಲಾಯ ಬೇಕು. ಪೇಟೆಗೆ ಸುಗ್ಗಿಯಾಯಿತು.

ಅಂತಹ ವಕೀಲರಲ್ಲಿ ಒಬ್ಬನು ರೀಸ್ ಜೋನ್ಸ್. ವೇಲ್ಸಿನ ಪೆಂಬ್ರೋಕ್‌ಷೈರಿನಿಂದ ಬಂದವನು. ಊರಗೋಡೆಯ ಹೊರಗೆ ಕೋರ್ವ್ ಸ್ಟ್ರೀಟಿನ ತಲೆಯಲ್ಲಿ ೧೬೧೯ರಲ್ಲಿ ಅವನು ಎತ್ತಿಸಿದ ಮನೆಯೇ ಇಂದು ಲೋಕಪ್ರಸಿದ್ಧವಾದ 'ಫೆದರ್ಸ್'. ಮರದ ತುಂಡುಗಳನ್ನು ವಜ್ರಾಕೃತಿಯಾಗಿ, ಬಳ್ಳಿಯಾಗಿ ಜೋಡಿಸಿದ ಆ ಮುಂಗೋಡೆಯನ್ನು ಕಂಡರೆ ಕಟ್ಟಡಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಮರ ಅಲ್ಲಿದೆಯೆಂದು ತಿಳಿಯುತ್ತದೆ. ತನ್ನ ವಕೀಲಿ ಚೆನ್ನಾಗಿ ನಡೆಯುತ್ತಿದೆ ಎಂದು ಬೀದಿಗೆ ಸಾರುವುದೇ ಅದರ ಉದ್ದೇಶ. ೧೬೭೦ರಲ್ಲಿ ಮನೆ ಪಯಣಿಗರ ವಸತಿಗೃಹವಾಯಿತು. ಉಷ್ಟ್ರಪಕ್ಷಿಯ ಮೂರು ಗರಿ ವೇಲ್ಸ್ ಯುವರಾಜನ ಲಾಂಛನ. ವಸತಿಗೃಹದ ಹೆಸರು ಬಂದುದು ಅದರಿಂದ.

ಮುಖ ಬೇರೆ, ಮೈ ಬೇರೆ

೧೬೪೦ರ ದಶಕದ ಅಂತರ್ಯುದ್ಧದಲ್ಲಿ ಲಡ್ಲೋ ಅರಸನ ಪಕ್ಷದಲ್ಲಿತ್ತು. ಮುತ್ತಿಗೆಯ ಭಯದಲ್ಲಿ ಗೋಡೆಯ ಹೊರಗಿನ ಕೇರಿಗಳ ಬಹುಭಾಗ ಸುಟ್ಟುಹೋಯಿತು. ೧೬೪೬ರಲ್ಲಿ ಊರು ಶರಣಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ೧೬೮೯ರಲ್ಲಿ. ಆ ವರ್ಷ ಆಡಳಿತ ಸಭೆಯೇ ರದ್ದಾಯಿತು. ಕೋಟೆ ಪಾಳುಬಿದ್ದಿತು, ಮಾಡಿನ ಮೇಲಿನ ಸೀಸವನ್ನು ಕಿತ್ತುಕೊಂಡು ಹೋದರು, ಮಳೆ ಒಳಗಿಳಿಯಿತು. ಕಚೇರಿಯನ್ನೇ ನಂಬಿದ ಊರಿಗೆ ಅಲ್ಲಿಗೆ ಕೊನೆಯಾಗಬೇಕಾಗಿತ್ತು.

ಹಾಗಾಗಲಿಲ್ಲ. ಸುತ್ತಲಿನ ಜಮೀನುದಾರರು ಚಳಿಗಾಲ ಕಳೆಯಲು ಊರಿಗೆ ಬರುವ ರೂಢಿಯಾಯಿತು. ಅವರಿಗೆ ಬೇಕಾದುದು ಲಂಡನ್ನಿನ ಮಾದರಿಯ ಇಟ್ಟಿಗೆಯ ಮನೆ. ಹಳೆಯದನ್ನು ಪೂರ್ತಿ ಕೆಡವಿ ಕಟ್ಟುವಷ್ಟು ಹಣ ಎಲ್ಲರಲ್ಲಿಯೂ ಇರಲಿಲ್ಲ. ಆದುದರಿಂದ ಚಾಚಿದ ಮಹಡಿಯನ್ನು ಕತ್ತರಿಸಿ, ಬೀದಿಯ ಕಡೆಗೆ ಮಾತ್ರ ಒಂದು ಇಟ್ಟಿಗೆಯ ಮುಂಗೋಡೆಯನ್ನು ನಿಲ್ಲಿಸಿ, ಎತ್ತರವಾದ ಗಾಜಿನ ಕಿಟಕಿಗಳನ್ನಿಟ್ಟು ಹೊಸ ಮನೆ ಎನ್ನಿಸಿದರು. ಬ್ರಾಡ್ ಸ್ಟ್ರೀಟಿನಲ್ಲಿ ೧೮ನೆಯ ಶತಮಾನದ ಘನತೆಯಿಂದ ನಿಂತಿರುವ ಅನೇಕ ಮನೆಗಳ ಬೆನ್ನಿಗೆ ಹೋಗಿ ನೋಡಿದರೆ ಹಳೆಯ ಓಕ್ ಚೌಕಟ್ಟು ಕಾಣುತ್ತದೆ. ನೆಲಮಾಳಿಗೆಗೆ ಇಳಿದರೆ ಅದಕ್ಕೂ ಹಳೆಯ ಕಲ್ಲುಗೋಡೆ ಇರುವುದುಂಟು. ಒಂದೇ ಮನೆಯಲ್ಲಿ ಮೂರು ಕಾಲಗಳು ಒಂದರ ಹಿಂದೆ ಒಂದು ನಿಂತಿವೆ. ಮುಂಗೋಡೆಯೊಂದನ್ನೇ ನೋಡಿ ಕಾಲನಿರ್ಣಯ ಮಾಡುವವನು ಈ ಊರಿನಲ್ಲಿ ಮೋಸಹೋಗುತ್ತಾನೆ. ಇನ್ನೊಂದು ಮಾತು: ಮರವನ್ನು ಕಪ್ಪಗೂ ಗೋಡೆಯನ್ನು ಬೆಳ್ಳಗೂ ಬಳಿಯುವುದು ಪುರಾತನ ಪದ್ಧತಿಯೆಂದು ಬಹುಮಂದಿ ಭಾವಿಸುತ್ತಾರೆ, ಇಂಗ್ಲೆಂಡಿನಲ್ಲಿ ಇದು ಬಹುಮಟ್ಟಿಗೆ ೧೯ನೆಯ ಶತಮಾನದ ರುಚಿ.

ಪುರಸಭೆಯೂ ಹಿಂದೆ ಬೀಳಲಿಲ್ಲ. ಬ್ರಾಡ್ ಸ್ಟ್ರೀಟಿನ ನೆತ್ತಿಯಲ್ಲಿ ೧೭೪೬ರ ಹೊತ್ತಿಗೆ 'ಬಟರ್‌ಕ್ರಾಸ್' ಎದ್ದಿತು. ಹೆಸರನ್ನು ಬೆಣ್ಣೆಕಟ್ಟೆ ಎಂದು ಕನ್ನಡಿಸಬಹುದು. ಕೆಳಗೆ ಕಂಬಗಳ ನಡುವೆ ಹಳ್ಳಿಯ ಹೆಂಗಸರು ಬೆಣ್ಣೆ ಮಾರಲು ತೆರೆದ ಜಾಗ. ಮೇಲೆ ಗಡಿಯಾರದ ಕೆಳಗೆ ಒಂದು ಕೋಣೆ. ಆ ಕೋಣೆಯಲ್ಲಿ ಬಡಮಕ್ಕಳ ಧರ್ಮಶಾಲೆ ಬಹುಕಾಲ ನಡೆಯಿತು. ಕೆಳಗೆ ವ್ಯಾಪಾರಿಗಳ ಗದ್ದಲ, ಮೇಲೆ ಮಕ್ಕಳ ಕಾಗುಣಿತ!

ಸಾಮಾನ್ಯ ಅಂಗಡಿಯ ಮುಖ ಬದಲಾದುದಕ್ಕೆ ಮಾತ್ರ ಸರಕಾರದ ತೆರಿಗೆಯೇ ಕಾರಣ. ೧೮೪೫ರಲ್ಲಿ ಗಾಜಿನ ಮೇಲಿನ ಸುಂಕವೂ ೧೮೫೧ರಲ್ಲಿ ಕಿಟಕಿಗಳ ಮೇಲಿನ ತೆರಿಗೆಯೂ ಹೋದವು. ಅಲ್ಲಿಯವರೆಗೆ ಚಿಕ್ಕಚಿಕ್ಕ ಚೌಕಗಳಿಂದ ಕೂಡಿದ್ದ ಅಂಗಡಿಕಿಟಕಿಗಳು ಇಂಗ್ಲೆಂಡಿನಾದ್ಯಂತ ದೊಡ್ಡ ಹಾಳೆಗಾಜಿಗೆ ಎಡೆಮಾಡಿಕೊಟ್ಟವು. ಸುಂಕದ ಚರಿತ್ರೆಯನ್ನು ಬಲ್ಲವನು ಕಿಟಕಿಯನ್ನು ನೋಡಿಯೇ ಅದರ ಕಾಲವನ್ನು ಊಹಿಸಬಲ್ಲನು.

ಬಡತನ ಕಾಪಾಡಿದ ಊರು

ಬಟ್ಟೆಯ ಉದ್ಯಮ ಕುಗ್ಗಿದ ಮೇಲೆ ಲಡ್ಲೋದಲ್ಲಿ ಚರ್ಮದ ಕೈಗವಸು ಹೊಲಿಯುವ ಕೆಲಸ ಬೆಳೆಯಿತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಫ್ರಾನ್ಸಿನ ಸರಕು ಬಾರದುದರಿಂದ ಅದು ಉಚ್ಛ್ರಾಯಕ್ಕೇರಿತು. ಹೆಂಗಸರೂ ಮಕ್ಕಳೂ ಮನೆಗಳಲ್ಲಿ ಕುಳಿತು ಹೊಲಿಯುತ್ತಿದ್ದರು. ೧೮೨೬ರಲ್ಲಿ ಫ್ರೆಂಚ್ ಕೈಗವಸುಗಳ ಮೇಲಿದ್ದ ನಿಷೇಧ ತೆಗೆದೊಡನೆ ಆ ಉದ್ಯಮ ನೆಲಕಚ್ಚಿತು. ೧೮೫೨ರಲ್ಲಿ ರೈಲು ಬಂದಿತು. ಆದರೆ ಮ್ಯಾಂಚೆಸ್ಟರಿನಂತೆ ಇಲ್ಲಿ ಹೊಗೆಕೊಳವೆಗಳು ಏಳಲಿಲ್ಲ. ಕಲ್ಲಿದ್ದಲೂ ಕಾರ್ಖಾನೆಯೂ ಬೇರೆಡೆಗೆ ಹೋದವು. ಹಣ ಬಂದ ಊರುಗಳು ತಮ್ಮ ಹಳೆಯ ಬೀದಿಗಳನ್ನು ಕೆಡವಿ ಹೊಸದು ಕಟ್ಟಿದವು. ಲಡ್ಲೋಗೆ ಕೆಡವುವ ಶಕ್ತಿಯೂ ಇರಲಿಲ್ಲ. ಇಂದು ಜನ ಕೊಂಡಾಡುವ ಸೌಂದರ್ಯದ ಬಹುಪಾಲು ಅಂದಿನ ಕೈಗವಸು ಹೊಲಿಯುವವರ ನಿರುದ್ಯೋಗದಿಂದ ಉಳಿದು ಬಂದುದು. ಈ ಮಾತನ್ನು ಮರೆತು ಹಳೆಯ ಬೀದಿಗಳನ್ನು ಬರಿದೇ ಹೊಗಳುವುದು ಉಚಿತವಲ್ಲ.

ಕೋಟೆಯ ಕಥೆಯಲ್ಲಿ ಕನ್ನಡನಾಡಿಗೂ ಒಂದು ಎಳೆ ಇದೆ. ಪಾಳುಬಿದ್ದ ಲಡ್ಲೋ ಕೋಟೆಯನ್ನು ೧೮೧೧ರಲ್ಲಿ ಸರಕಾರದಿಂದ ಕೊಂಡವನು ಪೊವಿಸ್ ಪ್ರಭುವಾದ ಎಡ್ವರ್ಡ್ ಕ್ಲೈವ್. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಮಗ. ಇವನು ಹಿಂದೆ ಲಡ್ಲೋದ ಪರವಾಗಿ ಪಾರ್ಲಿಮೆಂಟಿನಲ್ಲಿ ಕುಳಿತವನು. ೧೭೯೮ರಿಂದ ೧೮೦೩ರವರೆಗೆ ಮದರಾಸಿನ ಗವರ್ನರ್. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟೀಪು ಸುಲ್ತಾನನು ಮಡಿದುದು ಇವನ ಅಧಿಕಾರದ ಕಾಲದಲ್ಲಿ. ಇವನ ಹೆಂಡತಿ ಹೆನ್ರಿಯೆಟಾ ೧೮೦೦ರಲ್ಲಿ ಹೆಣ್ಣುಮಕ್ಕಳೊಡನೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿ ಹೋದಳು. ಟೀಪುವಿನ ಡೇರೆಯೇ ಮೊದಲಾದ ವಸ್ತುಗಳು ವೇಲ್ಸಿನ ಪೊವಿಸ್ ಕೋಟೆಯಲ್ಲಿವೆ. ಒಂದು ಗಡಿಯ ಕೋಟೆಯನ್ನು ಕೆಡವಿದ ಅಧಿಕಾರವೇ ಇನ್ನೊಂದು ಗಡಿಯ ಕೋಟೆಯನ್ನು ಹಣಕೊಟ್ಟು ಕಾಪಾಡಿತೆಂಬುದು ಚರಿತ್ರೆಯ ವಿಲಕ್ಷಣಗಳಲ್ಲಿ ಒಂದು.

ಕೆಡವಿದುದೂ ಉಳಿಸಿದುದೂ

ಲಡ್ಲೋದಲ್ಲಿ ಎಲ್ಲವೂ ಉಳಿಯಿತೆಂದು ಹೇಳುವಂತಿಲ್ಲ. ಕೋಟೆಯ ಮುಂದಿನ ಚೌಕದಲ್ಲಿದ್ದ ಹಳೆಯ ಮಾರುಕಟ್ಟೆ ಕಟ್ಟಡವನ್ನು ತೆಗೆದು ೧೮೮೮ರ ಹೊತ್ತಿಗೆ ಕೆಂಪಿಟ್ಟಿಗೆಯ ಪುರಭವನವೊಂದನ್ನು ಕಟ್ಟಿದ್ದರು. ರಸಿಕರಾದವರು ಅದನ್ನು ಕುರೂಪವೆಂದು ಹಳಿದರು. ೧೯೮೬ರಲ್ಲಿ ಅದನ್ನು ಕೆಡವಲಾಯಿತು. ಅದು ಸುಂದರವೋ ಅಲ್ಲವೋ, ಒಂದು ಶತಮಾನದ ಕಾಲ ಊರಿನ ಸಂತೆಗೂ ಸಭೆಗೂ ಮಾಡಾಗಿತ್ತು. ಅದು ಹೋದ ಮೇಲೆ ಬಯಲಲ್ಲಿ ಮತ್ತೆ ಹಲಗೆಯ ಮಳಿಗೆಗಳ ಸಂತೆ ಕೂಡತೊಡಗಿತು. ಎಂಟುನೂರು ವರ್ಷಗಳಲ್ಲಿ ಸಂತೆ ಬಯಲಿಂದ ಮಾಡಿಗೆ ಹೋಗಿ, ಮಾಡಿನಿಂದ ಬಯಲಿಗೆ ಮರಳಿತು.

ಊರಿನ ಅಂಚಿನಲ್ಲಿ, ರೈಲು ನಿಲ್ದಾಣದ ಬಳಿ, ದೊಡ್ಡ ಸೂಪರ್‌ಮಾರ್ಕೆಟ್ಟೊಂದು ಬರಲಿದೆಯೆಂದಾಗ ದೀರ್ಘಕಾಲ ವಾದವಿವಾದ ನಡೆಯಿತು. ಕೊನೆಗೆ ೨೦೦೦ದ ಹೊತ್ತಿಗೆ, ಊರಿನ ನೋಟಕ್ಕೆ ಅಡ್ಡಿಬಾರದಂತೆ ಗುಡ್ಡದ ಹಾಗೆ ಬಾಗಿದ ಮಾಡನ್ನು ಹೊದಿಸಿ ಅದನ್ನು ಕಟ್ಟಿದರು. ಅದೇ ಅವಧಿಯಲ್ಲಿ ಊರಿನ ಮಾಂಸದಂಗಡಿ, ರೊಟ್ಟಿಯಂಗಡಿ, ಗಿಣ್ಣಿನಂಗಡಿಗಳು ಹೆಸರು ಗಳಿಸಿದವು. ೧೯೯೫ರಲ್ಲಿ ಕೋಟೆಯ ಅಂಗಳದಲ್ಲಿ ಆಹಾರದ ಉತ್ಸವವೊಂದು ಆರಂಭವಾಯಿತು. ಹಳೆಯ ಅಂಗಡಿಯನ್ನು ಉಳಿಸುವ ನಿಜವಾದ ಉಪಾಯ ಅದರಲ್ಲಿ ವ್ಯಾಪಾರ ನಡೆಯುವಂತೆ ಮಾಡುವುದೇ ಎಂಬುದನ್ನು ಈ ಊರು ಅರಿತಂತೆ ತೋರುತ್ತದೆ. ಬೀಗ ಹಾಕಿದ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಸಿಕ್ಕೀತು. ಅದರ ಮಾಡಿನ ಸೋರಿಕೆಯನ್ನು ಮುಚ್ಚುವವರು ಸಿಕ್ಕುವುದಿಲ್ಲ.

ಕಟ್ಟಡವನ್ನು ಓದುವ ಬಗೆ

ಈ ಸಂಗತಿಗಳಲ್ಲಿ ಬಹುಭಾಗವನ್ನು ಬೆಳಕಿಗೆ ತಂದವರು ದೂರದ ವಿಶ್ವವಿದ್ಯಾಲಯದ ಪಂಡಿತರು ಮಾತ್ರವಲ್ಲ. ಡೇವಿಡ್ ಲಾಯ್ಡ್ ಎಂಬ ಸ್ಥಳೀಯ ವಿದ್ವಾಂಸರೂ ಅವರ ಜೊತೆಗಾರರೂ ಸಂಶೋಧನಾ ಗುಂಪೊಂದನ್ನು ಕಟ್ಟಿಕೊಂಡು, ಗುತ್ತಿಗೆ ಪತ್ರ, ಬಾಡಿಗೆ ಲೆಕ್ಕ, ಮರಣಶಾಸನಗಳನ್ನು ಒಂದೊಂದಾಗಿ ಓದಿದರು. ೧೯೭೯ರಲ್ಲಿ ಬ್ರಾಡ್ ಸ್ಟ್ರೀಟಿನ ಮನೆಗಳನ್ನೂ ಅಲ್ಲಿ ಬಾಳಿದವರನ್ನೂ ಕುರಿತ ಎಂಟು ಶತಮಾನಗಳ ವೃತ್ತಾಂತ ಹೊರಬಂದಿತು. ಒಂದೇ ಬೀದಿಯ ಚರಿತ್ರೆ ಒಂದು ಪುಸ್ತಕವಾಗಬಲ್ಲದು!

ಅವರ ಮಾರ್ಗ ಸರಳವಾದ ನಾಲ್ಕು ಹೆಜ್ಜೆಗಳದು. ಮೊದಲು ನಿವೇಶನದ ಆಕಾರವನ್ನು ನಕ್ಷೆಯಲ್ಲಿ ನೋಡುವುದು. ಎರಡನೆಯದು, ಮುಂಗೋಡೆಯನ್ನು ಬಿಟ್ಟು ನೆಲಮಾಳಿಗೆ, ಅಟ್ಟ, ಹಿತ್ತಲುಗಳಿಗೆ ಹೋಗುವುದು. ಮೂರನೆಯದು, ಚೆಕ್ಕುಬಂದಿಯುಳ್ಳ ಪತ್ರಗಳನ್ನು ಒಂದರ ಪಕ್ಕಕ್ಕೊಂದು ಇಡುವುದು. ಒಂದು ಪತ್ರದಲ್ಲಿ ನೆರೆಯವನಾಗಿ ಬಂದವನು ಇನ್ನೊಂದರಲ್ಲಿ ಒಡೆಯನಾಗಿ ಸಿಕ್ಕುತ್ತಾನೆ, ಬೀದಿ ಪೂರ್ತಿಯಾಗಿ ಕೂಡಿಬರುತ್ತದೆ. ನಾಲ್ಕನೆಯದು, ಮರದ ವರ್ಷೋಂಗುರಗಳನ್ನು ಎಣಿಸುವುದು. ಮಳೆ ಹೆಚ್ಚಾದ ವರ್ಷ ಉಂಗುರ ಅಗಲ, ಕಡಿಮೆಯಾದ ವರ್ಷ ಕಿರಿದು. ಈ ಅನುಕ್ರಮವನ್ನು ಈಗಾಗಲೇ ಕಾಲ ಗೊತ್ತಿರುವ ಮರಗಳೊಡನೆ ಹೋಲಿಸಿದರೆ, ತೊಗಟೆಯ ಅಂಚು ಉಳಿದಿದ್ದ ಪಕ್ಷದಲ್ಲಿ ಮರ ಕಡಿದ ವರ್ಷವನ್ನೇ ಹೇಳಬಹುದು. ಕೊನೆಯದಕ್ಕೆ ಪ್ರಯೋಗಶಾಲೆ ಬೇಕು. ಮೊದಲ ಮೂರಕ್ಕೆ ಬೇಕಾದುದು ತಾಳ್ಮೆ ಮಾತ್ರ.

ಲಡ್ಲೋ ತನ್ನ ಆಡಳಿತ ಸಭೆಯನ್ನು ಕಳೆದುಕೊಂಡಿತು, ಉಣ್ಣೆಯನ್ನು ಕಳೆದುಕೊಂಡಿತು, ಕೈಗವಸನ್ನು ಕಳೆದುಕೊಂಡಿತು. ಕಳೆದುಕೊಳ್ಳದಿದ್ದುದು ಎರಡು: ಅಂಗಡಿಯ ನೆಲ, ಮತ್ತು ಅದರ ಕಾಗದ. ಗಡಿಯ ಊರಿನ ಅಧಿಕಾರ ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಪೇಟೆಯ ಹಳೆಯ ಕ್ರಯಪತ್ರ, ಬಾಡಿಗೆಚೀಟಿ, ಅಂಗಡಿಯ ಲೆಕ್ಕದ ಕಡತಗಳಾದರೋ ನಮ್ಮ ನೆರೆಹೊರೆಯವರ ಅಟ್ಟಗಳಲ್ಲಿಯೇ ಇವೆ, ಮತ್ತು ಪ್ರತಿವರ್ಷದ ಮಳೆಗಾಲ ಅವುಗಳಲ್ಲಿ ಒಂದಿಷ್ಟನ್ನು ತಿಂದುಹಾಕುತ್ತಿದೆ. ಅವು ಯಾವ ಲಿಪಿಯಲ್ಲಿ, ಯಾವ ಭಾಷೆಯಲ್ಲಿ ಬರೆದವೆಂಬುದೇ ಮುಂದೆ ನಮ್ಮ ಊರುಗಳ ಚರಿತ್ರೆಗೆ ಸಾಕ್ಷಿಯಾಗಬಲ್ಲದು. ಶಾಲೆಯೊಂದಕ್ಕೆ ಒಂದು ಬೀದಿ, ಅಧ್ಯಾಪಕನೊಬ್ಬನಿಗೆ ಹತ್ತು ಅಂಗಡಿ ಎಂದು ಹಂಚಿಕೊಂಡು ಮೇಲೆ ಹೇಳಿದ ಮೊದಲ ಮೂರು ಹೆಜ್ಜೆಗಳನ್ನು ನಡೆದರೆ, ಮುಂದಿನ ತಲೆಮಾರಿನ ಸಂಶೋಧಕರು ನಮಗೆ ಋಣಿಗಳಾಗಿರುವುದರಲ್ಲಿ ಸಂದೇಹವಿಲ್ಲ.